ತಿಥಿ ಪುಸ್ತಕದ ಕೊನೆಯ ಹಾಳೆ

ನಮ್ಮ ಮನೆಯಲ್ಲಿ ಎರಡು ವಸ್ತುಗಳನ್ನು ಕೇಳದೆ ಯಾರೂ ಮುಟ್ಟುವಂತಿರಲಿಲ್ಲ. ಒಂದು ನಮ್ಮತ್ತೆಯ ಮಡಿ ಸೀರೆ, ಇನ್ನೊಂದು ನಮ್ಮ ಮಾವನವರ ತಿಥಿ ಪುಸ್ತಕ. ಮೂರನೆಯದು ಕಂಪ್ಯೂಟರ್ ಆಗಬೇಕಿತ್ತು, ಆದರೆ ಅದನ್ನು ನನ್ನ ಗಂಡ ದಿನಾ ಮುಟ್ಟುತ್ತಿದ್ದರು. ನಾನೀಗ ಹೇಳಹೊರಟಿರುವ ರಾದ್ಧಾಂತ ಹುಟ್ಟಿದ್ದು ಅಲ್ಲಿಂದಲೇ.

ಮಾವನವರ ಹೆಸರು ತಿರುನಾರಾಯಣ. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ಪುರೋಹಿತರು. ತಿಥಿ ಪುಸ್ತಕ ಅವರ ಅಜ್ಜನ ಕಾಲದ್ದು, ಕೆಂಪು ಬಟ್ಟೆಯ ರಟ್ಟು. ಅದರಲ್ಲಿ ಸುತ್ತಮುತ್ತಲಿನ ಇನ್ನೂರ ಹದಿನೇಳು ಮನೆಗಳ ಹಿರಿಯರು ಯಾವ ಮಾಸದ ಯಾವ ತಿಥಿಯಲ್ಲಿ ತೀರಿಕೊಂಡರು ಎಂಬುದೆಲ್ಲ ಇದೆ. ಶ್ರಾದ್ಧ ತಿಥಿಗೆ ಸರಿಯಾಗಿ ನಡೆಯಬೇಕು, ತಿಥಿಯೋ ವರ್ಷಕ್ಕೊಂದು ತಾರೀಖಿಗೆ ಬರುತ್ತದೆ. ಅದಕ್ಕೇ ಪ್ರತಿ ಯುಗಾದಿಗೆ ಮುಂಚೆ ಮಾವನವರು ಹೊಸ ಪಂಚಾಂಗ ಹಿಡಿದು ಕೂತು ಒಂದೊಂದು ಮನೆಗೂ ಕಾರ್ಡು ಬರೆಯುತ್ತಿದ್ದರು: ಈ ವರ್ಷ ನಿಮ್ಮ ತಂದೆಯವರ ದಿನ ಇಂಥ ತಾರೀಖು, ಇಂಥ ವಾರ. ನಲವತ್ತು ವರ್ಷದಲ್ಲಿ ಒಂದು ತಪ್ಪೂ ಆಗಿಲ್ಲವೆಂದು ಊರು ಹೇಳುತ್ತಿತ್ತು.

ನಾನು ಅರಕಲಗೂಡಿನಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಅವರ ಕಣ್ಣಿಗೆ ಪೊರೆ ಬರುತ್ತಿತ್ತು. ಒಂದು ಕಣ್ಣಿಗೆ ಆಪರೇಷನ್ ಆಯಿತು. ಮನುಷ್ಯರ ಮುಖ ಕಾಣುತ್ತಿತ್ತು, ಪಂಚಾಂಗದ ಇರುವೆ ಸಾಲಿನಂಥ ಅಕ್ಷರ ಕಾಣುತ್ತಿರಲಿಲ್ಲ. ಪುಸ್ತಕ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹಾಗೆ ಓದುತ್ತಾ ಓದುತ್ತಾ ನಾನು ಅದಕ್ಕೆ ಮರುಳಾದೆ. ಅದರಲ್ಲಿ ಬರೀ ತಿಥಿ ಇರಲಿಲ್ಲ. "ಮೊಸಳೆ ಗ್ರಾಮದ ಈಶ್ವರಯ್ಯ: ಓದಲು ಬಾರದು, ಪೋಸ್ಟ್‌ಮ್ಯಾನ್ ಓದಿ ಹೇಳುವಂತೆ ದಪ್ಪಕ್ಷರದಲ್ಲಿ ಬರೆಯುವುದು." "ತಮ್ಮಯ್ಯನ ಮಕ್ಕಳು ಮೂವರು, ಮಾತಿಲ್ಲ, ಮೂವರಿಗೂ ಬೇರೆ ಬೇರೆ ಕಾರ್ಡು." ಇನ್ನೊಂದು ಕಡೆ, "ಈಕೆಗೆ ಮಕ್ಕಳಿಲ್ಲ, ಆದರೂ ಪ್ರತಿವರ್ಷ ಕಾರ್ಡಿಗೆ ಕಾಯುತ್ತಾರೆ." ಮೂರು ತಲೆಮಾರಿನ ಗಂಡಸರು ಊರಿನ ದುಃಖವನ್ನೆಲ್ಲ ಇಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾರಲ್ಲ ಎಂದು ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು. ಆ ಪುಸ್ತಕ ಈ ಮನೆಯಿಂದ ಆಚೆ ಹೋಗಬಾರದು, ನನ್ನ ಹತ್ತಿರವೇ ಇರಬೇಕು ಎಂಬ ಆಸೆ ಹುಟ್ಟಿದ್ದೂ ಆಗಲೇ.

ಬಿ.ಎಸ್ಸಿ. ಮುಗಿಸಿದ ಮೇಲೆ ಹಾಸನದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪ್ರೇಮಕುಮಾರಿ ಎಂಬ ಮೇಡಂ ನನಗೆ ಪರ್ಲ್ ಎಂಬ ಭಾಷೆ ಕಲಿಸಿದ್ದರು. ಅದರಲ್ಲಿ ಒಂದು ಪ್ರೋಗ್ರಾಂ ಬರೆದೆ. ಸೂರ್ಯಚಂದ್ರರ ಗತಿ ಲೆಕ್ಕ ಹಾಕುವುದು ನನ್ನ ಕೈಲಾಗುವ ಕೆಲಸವಲ್ಲ. ಅದಕ್ಕೆ ಯಾರೋ ಪುಣ್ಯಾತ್ಮ ಬರೆದು ಇಂಟರ್ನೆಟ್ಟಿಗೆ ಹಾಕಿದ್ದ ಮಾಡ್ಯೂಲ್ ಒಂದಿತ್ತು. ಮಾಡ್ಯೂಲ್ ಎಂದರೆ ಬೇರೆಯವರು ಮಾಡಿಟ್ಟದ್ದನ್ನು ನಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವುದು, ಅಷ್ಟೆ. ತಿಥಿ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಅದು ಹೇಳುತ್ತಿತ್ತು, ಅದರ ಮೇಲೆ ನನ್ನ ಪ್ರೋಗ್ರಾಂ ಶ್ರಾದ್ಧದ ದಿನ ಹಿಡಿದು ಕಾರ್ಡಿನ ಮೇಲೆ ಪ್ರಿಂಟ್ ಹೊಡೆಯುತ್ತಿತ್ತು.

ಇದು ಮಾವನವರ ತಮ್ಮನಿಗೆ ಹಿಡಿಸಲಿಲ್ಲ. ಅವರ ಮಗ ವಂಶಿ ಚನ್ನರಾಯಪಟ್ಟಣದಲ್ಲಿ ಪುರೋಹಿತ, ಒಳ್ಳೆಯ ಪುರೋಹಿತನೇ, ಆ ಮಾತು ಬೇರೆ. "ಅಣ್ಣ, ಪುಸ್ತಕ ವಂಶಿಗೆ ಕೊಟ್ಬಿಡು. ಹೆಣ್ಣುಮಗಳು, ಮೇಲೊಂದು ಮಿಷನ್ನು, ಇದೆಲ್ಲ ಆಗಿಬರೋದಲ್ಲ" ಎಂದರು.

"ಮೂರು ವರ್ಷ ಹಂಸ ನೋಡ್ಲಿ. ಆಮೇಲೆ ಪುಸ್ತಕ ಯಾರ ಹತ್ರ ಇರ್ಬೇಕು ಅಂತ ಹೇಳ್ತೀನಿ" ಎಂದರು ಮಾವ. ಹಂಸ ಎಂದರೆ ನಾನು.

"ಅಷ್ಟರಲ್ಲಿ ಒಂದು ತಪ್ಪಾದ್ರೂ ವಂಶಿಗೆ, ಏನು?"

ಮಾವ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅವರ ಮೌನವನ್ನು ನಾನು ಹೂಂ ಎಂದೇ ತಿಳಿದೆ.

ಎರಡು ಸಾವಿರದ ಎರಡರಲ್ಲಿ ಇನ್ನೂರ ಹದಿನೇಳು ದಿನಗಳನ್ನೂ ಪಂಚಾಂಗದ ಜೊತೆ ಹೋಲಿಸಿ ನೋಡಿದೆವು. ಒಂದೂ ತಪ್ಪಿರಲಿಲ್ಲ. ಮರುವರ್ಷವೂ ಹೋಲಿಸಿದೆವು, ಆಗಲೂ ಇರಲಿಲ್ಲ. ಮೂರನೆಯ ವರ್ಷ, ತಾರಣ ಸಂವತ್ಸರಕ್ಕೆ, ನನಗೆ ಸ್ವಲ್ಪ ಕೊಬ್ಬು ಬಂತು. ಎರಡು ವರ್ಷ ಸರಿ ಹೇಳಿದ್ದು ಈಗೇಕೆ ತಪ್ಪು ಹೇಳುತ್ತದೆ ಎಂದು ಹೋಲಿಸುವ ಗೋಜಿಗೆ ಹೋಗದೆ ಕಾರ್ಡುಗಳನ್ನು ಪ್ರಿಂಟ್ ಮಾಡಿ, ಯುಗಾದಿಗೆ ಮೂರು ದಿನ ಮುಂಚೆ ಪೋಸ್ಟಾಫೀಸಿನಲ್ಲಿ ಕೊಟ್ಟು ಬಂದೆ.

ಯುಗಾದಿ ಕಳೆದ ಮೇಲಿನ ಶುಕ್ರವಾರ ಹಳ್ಳಿಮೈಸೂರಿನ ಕೃಷ್ಣಪ್ಪನವರು ಬಂದರು. ದೊಡ್ಡ ಹಿಡುವಳಿದಾರರು, ಗದ್ದೆ ತೋಟ ಎಲ್ಲ ಇದ್ದವರು. ಆದರೂ ನಮ್ಮ ಮಾವನವರ ಮುಂದೆ ಜಗುಲಿಯ ತುದಿಯಲ್ಲೇ ಕೂರುವವರು. ಅವರ ತಾಯಿ ಚೈತ್ರದ ಹುಣ್ಣಿಮೆಯ ದಿನ ತೀರಿಕೊಂಡವರು, ಪ್ರತಿವರ್ಷ ಅವತ್ತು ಎಡೆ ಇಡುತ್ತಿದ್ದರು. ಜೇಬಿನಿಂದ ನಮ್ಮ ಕಾರ್ಡು ತೆಗೆದರು.

"ಸ್ವಾಮ್ಯೋರೆ, ಇದ್ರಲ್ಲಿ ಭಾನ್ವಾರ ನಾಕ್ನೇ ತಾರೀಕು ಅಂತ ಬರ್ದೈತೆ. ಕ್ಯಾಲೆಂಡ್ರಲ್ಲಿ ನೋಡುದ್ರೆ ಉಣ್ಣಿಮೆ ಸ್ವಾಮಾರ ಐತೆ. ಅದ್ಯಾಕಂಗೆ ಅಂತ ಕೇಳ್ಕೊಂಡೋಗಣ ಅಂತ ಬಂದೆ."

ಮಾವನವರು ನಕ್ಕರು. "ಕೃಷ್ಣಪ್ಪ, ಕ್ಯಾಲೆಂಡರ್‌ನೋರು ಸೂರ್ಯ ಹುಟ್ಟೋವಾಗ ಯಾವ ತಿಥಿ ಇರುತ್ತೋ ಅದನ್ನ ಹಾಕ್ತಾರೆ. ನಮ್ಮದು ಮಧ್ಯಾಹ್ನದ ಲೆಕ್ಕ. ಭಾನುವಾರ ಮಧ್ಯಾಹ್ನಕ್ಕೇ ಹುಣ್ಣಿಮೆ ಬಂದಿರುತ್ತೆ, ಸೋಮವಾರ ಮಧ್ಯಾಹ್ನಕ್ಕೆ ಮುಗಿದೂ ಹೋಗಿರುತ್ತೆ. ನಮ್ಮ ಹಂಸ ಲೆಕ್ಕ ಹಾಕಿರೋದು, ತಪ್ಪೋದಿಲ್ಲ."

ಒಳಗೆ ಕಾಫಿ ಸೋಸುತ್ತಿದ್ದ ನನಗೆ ಆ ಮಾತು ಕೇಳಿ ಎದೆಯುಬ್ಬಿತು. ಸುಳ್ಳೇಕೆ ಹೇಳಲಿ.

"ನೀವೇಳಿದ್ಮ್ಯಾಲೆ ಮುಗೀತು ಬುಡಿ" ಎಂದು ಕೃಷ್ಣಪ್ಪನವರು ಕಾಫಿ ಕುಡಿದು ಎದ್ದರು. ನಾನು ಗೇಟಿನವರೆಗೆ ಹೋದೆ. ಅಲ್ಲಿ ನಿಂತು, ಹಿಂದಕ್ಕೊಮ್ಮೆ ನೋಡಿ, ದನಿ ತಗ್ಗಿಸಿದರು. "ತಾಯಿ, ಸ್ವಾಮ್ಯೋರ್ ಮುಂದೆ ಏಳಕ್ಕೆ ಬಾಯಿ ಬರ್ನಿಲ್ಲ. ನಮ್ಮ ಮೊಮ್ಮಗಳು ಸಿಂಧು ಕ್ಯಾಲೆಂಡ್ರಲ್ಲಿ ಸಣ್ಣಕ್ಸರದಲ್ಲಿರೋದ ಓದುದ್ಲು. ಸ್ವಾಮಾರ ಸಂಜೆ ನಾಕೂವರೆಗಂಟ ಉಣ್ಣಿಮೆ ಐತಂತೆ. ಮದ್ಯಾನಕ್ಕೆ ಎಂಗೆ ಮುಗ್ದೋಯ್ತದೆ? ನಂಗೊತ್ತಾಗಕಿಲ್ಲ ಬುಡಿ, ಸುಮ್ಕೆ ಏಳ್ದೆ."

ಅವರು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ನಾನು ಅಡುಗೆಮನೆಗೆ ಬಂದು ನಮ್ಮದೇ ಕ್ಯಾಲೆಂಡರಿನ ಏಪ್ರಿಲ್ ಹಾಳೆ ಎತ್ತಿ ನೋಡಿದೆ. ಸೋಮವಾರ ಐದನೇ ತಾರೀಖಿನ ಕೆಳಗೆ, ಹುಣ್ಣಿಮೆ ಸಂಜೆ ನಾಲ್ಕು ಮೂವತ್ತಮೂರರವರೆಗೆ ಎಂದಿತ್ತು. ಕಂಪ್ಯೂಟರ್ ಹಚ್ಚಿ ನನ್ನ ಪ್ರೋಗ್ರಾಮನ್ನು ಕೇಳಿದೆ. ಹುಣ್ಣಿಮೆ ಸೋಮವಾರ ಬೆಳಿಗ್ಗೆ ಹನ್ನೊಂದು ಮೂರಕ್ಕೆ ಮುಕ್ತಾಯ ಎಂದಿತು.

ಎರಡಕ್ಕೂ ನಡುವೆ ಐದೂವರೆ ಗಂಟೆ, ನಿಮಿಷ ಕೂಡ ಹೆಚ್ಚುಕಮ್ಮಿಯಿಲ್ಲ. ಐದೂವರೆ ಗಂಟೆ ಎಂದರೆ ಏನೆಂದು ಶಾರ್ಟ್‌ವೇವ್ ರೇಡಿಯೋ ಕೇಳಿದ ಯಾರಿಗೂ ಗೊತ್ತು: ಗ್ರೀನಿಚ್‌ಗೂ ನಮಗೂ ಇರುವ ಅಂತರ. ನನ್ನ ಮಾಡ್ಯೂಲ್ ಹೊಳೆನರಸೀಪುರದ ಗಂಟೆ ಬಿಟ್ಟು ಲಂಡನ್ನಿನ ಗಂಟೆ ಹೇಳುತ್ತಿತ್ತು. ಮಧ್ಯಾಹ್ನ ಮುಗಿಯುವ ತಿಥಿಗಳೆಲ್ಲ ಬೆಳಿಗ್ಗೆಯೇ ಮುಗಿದಂತೆ ಕಂಡು, ಆ ಮನೆಗಳ ದಿನವೆಲ್ಲ ಒಂದು ದಿನ ಹಿಂದಕ್ಕೆ ಹೋಗಿತ್ತು. ಕಾರ್ಡುಗಳೆಲ್ಲ ಆಗಲೇ ಅವರವರ ಮನೆ ಸೇರಿದ್ದವು.

ನನ್ನ ಗಂಡ ಜಯಂತ್ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಮನುಷ್ಯ ಬಂಗಾರ, ಆದರೆ ಹೊಸದು ಎಂದು ಬರೆದಿದ್ದರೆ ಸಾಕು, ಹಾಕಿ ನೋಡಲೇಬೇಕು. ಸಂಜೆ ಅವರು ಚಪ್ಪಲಿ ಬಿಡುವ ಮೊದಲೇ ಕೇಳಿದೆ. "ಪರ್ಲ್‌ಗೆ ಏನು ಮಾಡಿದ್ರಿ?"

"ಏನಿಲ್ವಲ್ಲ. ಜನವರೀಲಿ ಮ್ಯಾಗಜೀನ್ ಜೊತೆ ಸಿ.ಡಿ. ಬಂದಿತ್ತು. ಅದರಲ್ಲಿ ಪರ್ಲ್‌ನ ಹೊಸ ವರ್ಷನ್ 5.8 ಇತ್ತು, ಹಾಕ್ದೆ. ನನ್ನ ಪ್ರಶ್ನೆಪತ್ರಿಕೆ ಪ್ರೋಗ್ರಾಮಿಗೆ ಬೇಕಾಗಿತ್ತು."

"ನನ್ನ 5.6?"

"ಅದರ ಮೇಲೇ ಹಾಕ್ದೆ. ನಿನ್ನ ಹಳೇ ಮಾಡ್ಯೂಲ್ ಹೊಸ ಪರ್ಲ್‌ಗೆ ಕೂರಲಿಲ್ಲ, ಅದಕ್ಕೇ ಅದರದ್ದೂ ಹೊಸ ವರ್ಷನ್ ತಂದು ಹಾಕ್ದೆ. ನಿನಗೆ ತೊಂದರೆ ಆಗಬಾರದು ಅಂತ ನಿನ್ನ ಪ್ರೋಗ್ರಾಂ ಓಡಿಸೂ ನೋಡ್ದೆ. ಓಡ್ತು."

"ಓಡ್ತು. ಯಾವ ದಿಕ್ಕಿಗೆ ಓಡ್ತು ಅಂತ ನೋಡಿದ್ರಾ?"

ಮಾಡ್ಯೂಲಿನ ಜೊತೆ ಒಂದು ಓದಿಕೊಳ್ಳುವ ಕಡತ ಇರುತ್ತದೆ. ತೆಗೆದು ನೋಡಿದೆವು. ಹನ್ನೆರಡನೆಯ ಸಾಲಿನಲ್ಲೇ ಇತ್ತು: ಈ ಆವೃತ್ತಿಯಿಂದ ಎಲ್ಲ ಸಮಯವನ್ನೂ ಗ್ರೀನಿಚ್ ಲೆಕ್ಕದಲ್ಲೇ ಕೊಡಲಾಗುವುದು. ಪುಣ್ಯಾತ್ಮ ಹೇಳಿಯೇ ಮಾಡಿದ್ದ. ನಾವು ಓದಿರಲಿಲ್ಲ. ಜಯಂತ್ ಮುಖ ಸಣ್ಣಗಾಯಿತು. "ಅಪ್ಪನಿಗೆ ನಾನೇ ಹೇಳ್ತೀನಿ, ತಪ್ಪು ನನ್ನದು ಅಂತ" ಎಂದರು.

ಅವರ ಮೇಲೆ ಕೆಂಡದಂಥ ಸಿಟ್ಟಿತ್ತು. ಆ ಮಾತು ಕೇಳಿ ಅರ್ಧ ಇಳಿಯಿತು. "ಬೇಡ" ಎಂದೆ. "ಪುಸ್ತಕ ಬೇಕು ಅಂತಿದ್ದವಳು ನಾನು. ಪಂಚಾಂಗದ ಜೊತೆ ಹೋಲಿಸದೆ ಕಳಿಸಿದವಳೂ ನಾನೇ."

ಒಂದು ನಿಮಿಷ ಕೆಟ್ಟ ಯೋಚನೆಯೂ ಬಂತು. ತಪ್ಪಾದ ಮನೆಗಳಿಗೆ ಸದ್ದಿಲ್ಲದೆ ಇನ್ನೊಂದು ಕಾರ್ಡು ಹಾಕಿಬಿಟ್ಟರೆ ಮಾವನವರಿಗೆ ಗೊತ್ತೇ ಆಗುವುದಿಲ್ಲ, ಅವರ ಕಣ್ಣಿಗೆ ಅಕ್ಷರ ಕಾಣುವುದಿಲ್ಲ. ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ನೇರವಾಗಿ ಜಗುಲಿಗೆ ಹೋಗಿ, ಅವರ ಎದುರು ಕೂತು, ಎಲ್ಲವನ್ನೂ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಎಷ್ಟು ಮನೆ?" ಎಂದರು.

"ಇನ್ನೂ ಗೊತ್ತಿಲ್ಲ ಮಾವ. ನಾಲ್ಕಕ್ಕೊಂದು ಇರಬಹುದು."

"ಮೊದಲನೇದು ಯಾರದು?"

"ಕೃಷ್ಣಪ್ಪನೋರದೇ ಇರಬೇಕು. ಏಪ್ರಿಲ್ ನಾಲ್ಕು ಅಂತ ಹೋಗಿದೆ, ಐದಾಗಬೇಕಿತ್ತು."

"ಇನ್ನೂ ಒಂಬತ್ತು ದಿನ ಇದೆ. ಮೊದಲು ಸರಿಮಾಡು. ಪುಸ್ತಕದ ಮಾತು ಆಮೇಲೆ ಆಡೋಣ."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಪುಸ್ತಕ ಕೈಬಿಟ್ಟಿತು ಎಂದೇ ಅಂದುಕೊಂಡು ಎದ್ದೆ.

ಜಯಂತ್ ಒಂದು ದಾರಿ ಹೇಳಿದರು. "ಉತ್ತರಕ್ಕೆ ಐದೂವರೆ ಗಂಟೆ ಕೂಡಿಸಿಬಿಡು, ಮುಗೀತು." ಮುಗಿಯುತ್ತಿತ್ತೇನೋ. ಆದರೆ ಆ ಹೊಸದರಲ್ಲಿ ಇನ್ನೂ ಏನೇನು ಬದಲಾಗಿದೆಯೋ ಯಾರಿಗೆ ಗೊತ್ತು? ಎರಡು ವರ್ಷ ಪಂಚಾಂಗದ ಎದುರು ಒರೆಗೆ ಹಚ್ಚಿ ನೋಡಿದ್ದು ಹಳೆಯ ಮಾಡ್ಯೂಲನ್ನು. ನನಗೆ ಅದೇ ಬೇಕಿತ್ತು. ಅದೋ 5.6 ಇಲ್ಲದೆ ಓಡುವುದಿಲ್ಲ. 5.6 ವಾಪಸು ಹಾಕಿದರೆ ಜಯಂತರ ಪ್ರಶ್ನೆಪತ್ರಿಕೆ ನಿಲ್ಲುತ್ತದೆ, ಪರೀಕ್ಷೆಯ ಕಾಲ ಬೇರೆ. ಗಂಡಹೆಂಡಿರು ಕಂಪ್ಯೂಟರಿನ ಮುಂದೆ ಕೂತು ಇದನ್ನೇ ಕಿತ್ತಾಡುತ್ತಿರುವಾಗ ಅತ್ತೆ ಹಿತ್ತಲಿಂದ ಬಂದರು.

ನಮ್ಮತ್ತೆ ಶ್ರೀರಂಗಮ್ಮನವರ ಮಡಿಯ ಬಗ್ಗೆ ಒಂದು ಮಾತು ಹೇಳಬೇಕು. ಅವರ ಮಡಿ ಸೀರೆ ಒಣಗುವುದು ಸೂರಿನ ಕೆಳಗೆ ಎತ್ತರದಲ್ಲಿ ಕಟ್ಟಿದ ಬಿದಿರಿನ ಗಳುವಿನ ಮೇಲೆ. ಅದನ್ನು ಹರಡುವುದೂ ತೆಗೆಯುವುದೂ ಒಂದು ಕೋಲಿನಿಂದ. ಉಳಿದವರ ಬಟ್ಟೆಗೆ ಕೆಳಗಿನ ಹಗ್ಗ. ಅದೂ ಒಗೆದ ಬಟ್ಟೆ, ಇದೂ ಒಗೆದ ಬಟ್ಟೆ, ಆದರೆ ಒಂದಕ್ಕೊಂದು ತಾಗುವಂತಿಲ್ಲ. ಮದುವೆಯಾದ ಹೊಸದರಲ್ಲಿ ನನಗಿದು ಅತಿ ಎನಿಸಿ ಎರಡು ಸಲ ಜಗಳವನ್ನೂ ಆಡಿದ್ದೆ.

"ಏನು ಗಲಾಟೆ?" ಎಂದರು ಅತ್ತೆ. ಹೇಳಿದೆ. ಅವರು ಕೇಳಿಸಿಕೊಂಡು ಮಗನನ್ನು ನೋಡಿದರು. "ಹಳೇದರ ಮೇಲೇ ಹೊಸದು ಯಾಕೋ ಹಾಕ್ದೆ? ಎರಡನ್ನೂ ಇಡೋಕೆ ಆ ಡಬ್ಬದಲ್ಲಿ ಜಾಗ ಇಲ್ವಾ?"

"ಜಾಗ ಇದೆ ಅಮ್ಮ."

"ಮತ್ತೆ? ನಾನು ನನ್ನ ಮಡಿ ಸೀರೆನ ನಿನ್ನ ಲುಂಗಿ ಜೊತೆ ಒಂದೇ ಹಗ್ಗಕ್ಕೆ ಹಾಕ್ತೀನಾ?"

ನಾನು ಜಯಂತ್ ಮುಖ ನೋಡಿದೆ, ಜಯಂತ್ ನನ್ನ ಮುಖ ನೋಡಿದರು. ಒಂದೇ ಯಂತ್ರದಲ್ಲಿ ಎರಡು ಪರ್ಲ್‌ಗಳನ್ನು ಬೇರೆ ಬೇರೆ ಕಡೆ ಇಡಬಹುದೆಂದು ನಮಗೆ ಗೊತ್ತಿರಲಿಲ್ಲವೆಂದಲ್ಲ. ಜಗಳದ ಭರದಲ್ಲಿ ನೀನೋ ನಾನೋ ಎಂಬಲ್ಲಿಂದ ಮುಂದೆ ಹೋಗಿರಲಿಲ್ಲ.

ಶನಿವಾರ ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋದೆ. ಪ್ರೇಮಕುಮಾರಿ ಮೇಡಂ ಹಳೆಯ ಸಿ.ಡಿ.ಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ವರ್ಷವಾರು ಜೋಡಿಸಿಟ್ಟಿದ್ದರು. 5.6 ಸಿಕ್ಕಿತು, ನಾನು ಎರಡು ಸಾವಿರದ ಎರಡರಲ್ಲಿ ಅವರಿಗೆ ಕಳಿಸಿದ್ದ ಅದೇ ಹಳೆಯ ಮಾಡ್ಯೂಲೂ ಸಿಕ್ಕಿತು. "ಹೊಸದು ಬಂತು ಅಂತ ಹಳೇದನ್ನ ಬಿಸಾಕಬಾರದು ಕಣೆ, ಯಾವತ್ತು ಯಾರು ಕೇಳ್ಕೊಂಡು ಬರ್ತಾರೋ" ಎಂದು ಕೊಟ್ಟರು. ಆ ಡಬ್ಬಿಯ ಮುಂದೆ ಅಡ್ಡಬೀಳೋಣ ಎನಿಸಿತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ 'ಮಡಿ' ಎಂದು ಒಂದು ಫೋಲ್ಡರ್ ಮಾಡಿದೆ. ಹಳೆಯ ಪರ್ಲ್ ಅದರೊಳಗೆ, ಹಳೆಯ ಮಾಡ್ಯೂಲ್ ಅದರೊಳಗೆ, ನನ್ನ ಪ್ರೋಗ್ರಾಮೂ ಅದರೊಳಗೆ. ಪರ್ಲ್ ಎಂದು ಕರೆದರೆ ಕಂಪ್ಯೂಟರ್ ತನಗೆ ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ. ಹಾಗಾಗದಂತೆ ನನ್ನದಕ್ಕೆ ಪೂರ್ತಿ ವಿಳಾಸ ಬರೆದು ಕರೆದೆ. ಜಯಂತರ 5.8 ತನ್ನ ಪಾಡಿಗೆ ತನ್ನ ಜಾಗದಲ್ಲಿತ್ತು. ಎಲ್ಲ ಸರಿಯಾಯಿತೆಂದು ಕೃಷ್ಣಪ್ಪನವರ ಹುಣ್ಣಿಮೆಯನ್ನು ಕೇಳಿದೆ.

ಹನ್ನೊಂದು ಮೂರು ಎಂದಿತು.

ಅಳುವೇ ಬಂತು. ಎರಡು ಸಲ ತೆಗೆದು ಮತ್ತೆ ಹಾಕಿದೆ. ಎರಡು ಸಲವೂ ಹನ್ನೊಂದು ಮೂರು. ಅತ್ತೆ ಅವರೆಕಾಳು ಬಿಡಿಸುತ್ತ ಕೂತಿದ್ದವರು, ತಲೆ ಎತ್ತದೆಯೇ, "ಎಲ್ಲೋ ತಾಗಿದೆ, ನೋಡು" ಎಂದರು.

"ಏನೂ ತಾಗಿಲ್ಲ ಅತ್ತೆ, ಎಲ್ಲ ಬೇರೆ ಬೇರೆ ಇಟ್ಟಿದೀನಿ."

"ನಾನೂ ಹಾಗೇ ಅಂದ್ಕೋತೀನಿ. ಆಮೇಲೆ ನೋಡಿದ್ರೆ ಸೀರೆ ಸೆರಗು ಗಾಳೀಲಿ ಇಳಿದು ಹಗ್ಗಕ್ಕೆ ತಾಗಿರುತ್ತೆ. ತುದಿಯಿಂದ ತುದೀವರೆಗೂ ನೋಡು."

ತುದಿಯಿಂದ ನೋಡಿದೆ. ಕಂಪ್ಯೂಟರ್ ಏಳುವಾಗ ಓದಿಕೊಳ್ಳುವ ಕಡತದ ಕೊನೆಯಲ್ಲಿ ಜಯಂತ್ ಜನವರಿಯಲ್ಲಿ ಸೇರಿಸಿ ಮರೆತಿದ್ದ ಒಂದು ಸಾಲಿತ್ತು: ಯಾವುದೇ ಪರ್ಲ್ ಆಗಲಿ, ಮಾಡ್ಯೂಲ್ ಬೇಕಾದಾಗ ಮೊದಲು ನನ್ನ ಕಪಾಟಿನಲ್ಲಿ ಹುಡುಕತಕ್ಕದ್ದು. ನನ್ನ ಹಳೆಯ ಪರ್ಲ್ ವಿಧೇಯವಾಗಿ ಅವರ ಕಪಾಟಿಗೆ ಹೋಗಿ ಹೊಸ ಮಾಡ್ಯೂಲನ್ನೇ ಎತ್ತಿಕೊಳ್ಳುತ್ತಿತ್ತು. ಆ ಸಾಲು ತೆಗೆದು, ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ ಕೇಳಿದೆ. ಸಂಜೆ ನಾಲ್ಕು ಮೂವತ್ತಮೂರು ಎಂದಿತು.

"ಅತ್ತೆ, ತಾಗಿತ್ತು!" ಎಂದು ಕೂಗಿದೆ. ಮುಂದೆ ಯಾವತ್ತೂ ಮಡಿಯ ವಿಷಯಕ್ಕೆ ಅವರೊಡನೆ ಜಗಳ ಆಡುವುದಿಲ್ಲವೆಂದು ಮಾತೂ ಕೊಟ್ಟೆ. "ನಾಳೆ ಸಂಜೆವರೆಗೂ ಇರುತ್ತೆ ಆ ಮಾತು" ಎಂದರು ಅತ್ತೆ.

ಭಾನುವಾರ, ಸೋಮವಾರ ಎರಡು ದಿನ ಮಾವನವರೂ ನಾನೂ ಪಂಚಾಂಗ ಹಿಡಿದು ಕೂತೆವು. ನಾನು ಮಾಸ ತಿಥಿ ಓದಿದರೆ ಅವರು ಕಣ್ಣು ಮುಚ್ಚಿಕೊಂಡೇ ಆ ಮನೆಯವರ ಹೆಸರು ಹೇಳುತ್ತಿದ್ದರು. ಇನ್ನೂರ ಹದಿನೇಳರಲ್ಲಿ ನಲವತ್ತೊಂಬತ್ತು ಬದಲಾಗಿದ್ದವು. ಈ ಸಲ ಎಲ್ಲವೂ ಪಂಚಾಂಗಕ್ಕೆ ಕೂಡಿಬಂದವು. ತಿದ್ದುಪಡಿ ಕಾರ್ಡಿನಲ್ಲಿ ಏನು ಬರೆಯುವುದೆಂದು ಕೇಳಿದೆ. ನಾನೇ ಒಂದು ಒಕ್ಕಣೆ ಮಾಡಿಟ್ಟುಕೊಂಡಿದ್ದೆ: "ಕಂಪ್ಯೂಟರ್ ದೋಷದಿಂದ ಹಿಂದಿನ ಕಾರ್ಡಿನಲ್ಲಿ ದಿನ ತಪ್ಪಾಗಿ ನಮೂದಾಗಿದೆ."

"ಕಂಪ್ಯೂಟರ್ ಅವರ ಮನೆ ಪುರೋಹಿತನೇನಮ್ಮ?" ಎಂದರು ಮಾವ. "ಹಿಂದಿನ ಕಾರ್ಡಿನಲ್ಲಿ ದಿನ ತಪ್ಪು ಬರೆದಿದ್ದೆವು. ಸರಿಯಾದ ದಿನ ಇದು. ಕ್ಷಮಿಸಬೇಕು. ಅಷ್ಟು ಬರಿ."

ಮಂಗಳವಾರ ನಲವತ್ತೆಂಟು ಕಾರ್ಡು ಪೋಸ್ಟ್ ಮಾಡಿ, ನಲವತ್ತೊಂಬತ್ತನೆಯದನ್ನು ಬುಧವಾರ ನಾನೇ ಹಳ್ಳಿಮೈಸೂರಿಗೆ ತೆಗೆದುಕೊಂಡು ಹೋದೆ. ಕೃಷ್ಣಪ್ಪನವರ ಹೆಂಡತಿ ಅನಸೂಯಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದರು. ಕಾರ್ಡು ಕೊಟ್ಟು, ತಪ್ಪು ನನ್ನದು, ಸೋಮವಾರವೇ ಸರಿ ಎಂದೆ. ಅವರು ಮೊರ ಕೆಳಗಿಟ್ಟು ನಗತೊಡಗಿದರು.

"ಅಯ್ಯೋ ಬುಡು ತಾಯಿ. ನಾವು ಎಲ್ಡು ದಿನಾನೂ ಎಡೆ ಇಕ್ಕಣ ಅಂತಿದ್ವಿ."

"ಎರಡು ದಿನ ಯಾಕೆ?"

ಕೃಷ್ಣಪ್ಪನವರು ತೋಟದಿಂದ ಬರುತ್ತಿದ್ದವರು ಉತ್ತರ ಕೊಟ್ಟರು. "ಭಾನ್ವಾರ ಸ್ವಾಮ್ಯೋರ್ ಮಾತ್ಗೆ. ಸ್ವಾಮಾರ ನಮ್ಮವ್ವಂಗೆ. ಸ್ವಾಮ್ಯೋರ ಮಾತು ತಗ್ದಾಕಕಾಯ್ತದಾ? ಅಂಗಂತ ಅವ್ವನ್ನ ಉಪಾಸ ಕೆಡವಕಾಯ್ತದಾ?"

ಇಂಥ ಜನರಿಗೆ ತಪ್ಪು ಕಾರ್ಡು ಕಳಿಸಿದೆನಲ್ಲ ಎಂದು ಇಬ್ಬರಿಗೂ ಕೈಮುಗಿದೆ. ಅವರು ನನ್ನ ಚೀಲಕ್ಕೆ ನಾಲ್ಕು ಎಳನೀರು ತುಂಬಿ ಬಸ್ಸು ಹತ್ತಿಸಿದರು.

ಮನೆಗೆ ಬರುವಷ್ಟರಲ್ಲಿ ಜಗುಲಿಯಲ್ಲಿ ಚಿಕ್ಕಮಾವನವರೂ ವಂಶಿಯೂ ಕೂತಿದ್ದರು. ತಿದ್ದುಪಡಿ ಕಾರ್ಡುಗಳಲ್ಲಿ ಒಂದು ಚನ್ನರಾಯಪಟ್ಟಣದ ಅವರ ಪಕ್ಕದ ಮನೆಗೇ ಹೋಗಿತ್ತು. ಚಿಕ್ಕಮಾವ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು.

"ಅಣ್ಣ, ನಾನು ಮೊದಲೇ ಹೇಳಿದ್ದೆ. ನಲವತ್ತು ವರ್ಷದ ಹೆಸರು ಹೋಯ್ತು. ಈಗ ಪುಸ್ತಕ ವಂಶಿ ಕೈಗೆ ಕೊಡು."

ಮಾವ ನನ್ನ ಕಡೆ ತಿರುಗಿದರು. "ಹಂಸ, ಕೃಷ್ಣಪ್ಪನಿಗೆ ಹೇಳಿದ್ಯಾ?"

"ಹೇಳಿದೆ ಮಾವ."

"ಕಾಲು ತೊಳ್ಕೊಂಡು ಪುಸ್ತಕ ತಗೊಂಡ್ಬಾ."

ಕಾಲು ತೊಳೆದು ಪುಸ್ತಕ ತಂದೆ. ಎದೆಗೆ ಅವಚಿ ಹಿಡಿದಿದ್ದೆ, ಕೊಡಲು ಮನಸ್ಸಿರಲಿಲ್ಲ. ಜಯಂತ್ ಬಾಗಿಲಿನಲ್ಲಿ ಉಗುರು ಕಡಿಯುತ್ತ ನಿಂತಿದ್ದರು. ಮಾವನವರು ಪುಸ್ತಕ ತೆಗೆದುಕೊಂಡು ಹಿಂದಿನ ರಟ್ಟನ್ನು ತೆರೆದರು. ರಟ್ಟಿನ ಒಳಗಿನ ಕೆಂಪು ಬಟ್ಟೆ ಒಂದು ಕಡೆ ಬಿಟ್ಟುಕೊಂಡಿತ್ತು. ನಾನು ಹಳೆಯದಾಗಿ ಕಿತ್ತುಬಂದಿದೆ ಎಂದುಕೊಂಡಿದ್ದೆ. ಅದರೊಳಕ್ಕೆ ಬೆರಳು ಹಾಕಿ ಮಡಿಸಿದ ಒಂದು ಹಾಳೆ ಎಳೆದು ನನ್ನ ಕೈಗೆ ಕೊಟ್ಟರು. "ಓದು, ಎಲ್ಲರಿಗೂ ಕೇಳೋಹಾಗೆ."

ಮೊದಲನೆಯದು ಮಾವನವರ ಅಜ್ಜನ ಕೈಬರಹ. "ಪ್ರಜೋತ್ಪತ್ತಿ ಸಂವತ್ಸರ, 1931. ಅಧಿಕಮಾಸ ಬಂದದ್ದನ್ನು ಮರೆತು ಮೂರು ಮನೆಗೆ ಒಂದು ತಿಂಗಳು ಮುಂಚಿನ ದಿನ ಹೇಳಿದೆ. ನಡೆದುಹೋಗಿ ತಿಳಿಸಿ ಬಂದೆ." ಕೆಳಗೆ ಸಹಿ.

ಎರಡನೆಯದು ಮಾವನವರ ತಂದೆಯದು. "ವಿಜಯ ಸಂವತ್ಸರ, 1953. ಎರಡು ಕಾರ್ಡಿಗೆ ವಿಳಾಸ ಅದಲುಬದಲು. ಒಬ್ಬರ ತಾಯಿಯ ದಿನ ಇನ್ನೊಬ್ಬರಿಗೆ ಹೋಯಿತು. ಅವಸರ ಮಾಡಿದೆ." ಸಹಿ.

ಮೂರನೆಯದನ್ನು ಓದುವ ಮೊದಲೇ ಅಕ್ಷರ ಯಾರದೆಂದು ಗೊತ್ತಾಗಿ ತಡವರಿಸಿದೆ. "ಓದಮ್ಮ" ಎಂದರು ಮಾವ.

"ಆನಂದ ಸಂವತ್ಸರ, 1974. ಒಂದು ಮನೆ. ಪಂಚಾಂಗ ತೆಗೆಯದೆ ನೆನಪಿನಿಂದ ಹೇಳಿದೆ. ಕಾರಣ, ನನಗೆ ತಪ್ಪಾಗುವುದಿಲ್ಲವೆಂಬ ಗರ್ವ. ತಿರುನಾರಾಯಣ."

ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ನಿಂತಿದ್ದರು. ಚಿಕ್ಕಮಾವ, "ನಲವತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ ಅಂತ..." ಎಂದು ಅರ್ಧಕ್ಕೆ ನಿಲ್ಲಿಸಿದರು.

"ಊರಿನೋರು ಹೇಳ್ತಿದ್ರು, ನಾನು ಯಾವತ್ತೂ ಹಾಗೆ ಹೇಳಿರಲಿಲ್ಲ" ಎಂದರು ಮಾವ. "ಈ ಹಾಳೆ ನಮ್ಮಪ್ಪ ನನಗೆ ತೋರಿಸಿದ್ದು ನನ್ನ ತಪ್ಪಾದ ದಿನ. ಅಲ್ಲೀತನಕ ಪುಸ್ತಕ ನನ್ನ ಕೈಲಿತ್ತು, ಆದರೆ ನನ್ನದು ಅಂತ ಅವರು ಹೇಳಿರಲಿಲ್ಲ. ತಪ್ಪು ಎಲ್ಲರದೂ ಆಗುತ್ತೆ. ಗೊತ್ತಾದ ದಿನವೇ ಬಂದು ಹೇಳಿದ್ರೆ, ಹೋಗಿ ತಿಳಿಸಿ ಬಂದ್ರೆ, ಅವರಿಗೆ ಪುಸ್ತಕ. ಮೂರು ವರ್ಷ ಅಂತ ನಾನು ಗಡುವು ಕೊಟ್ಟಿದ್ದು ಅದಕ್ಕೇ. ಅಷ್ಟರೊಳಗೆ ಒಂದಾದ್ರೂ ಆಗದೆ ಇರಲ್ಲ ಅಂತ ನನಗೆ ಗೊತ್ತಿತ್ತು."

ಮೊದಲು ಬಾಯಿಬಿಟ್ಟವನು ವಂಶಿ. "ದೊಡ್ಡಪ್ಪ, ನಾನಾಗಿದ್ರೆ ಸುಮ್ಮನೆ ಇನ್ನೊಂದು ಕಾರ್ಡು ಹಾಕ್ಬಿಡ್ತಿದ್ದೆ" ಎಂದು, ತನ್ನ ಜೇಬಿನ ಪೆನ್ನು ತೆಗೆದು ನನ್ನ ಕಡೆ ಚಾಚಿದ. ನನಗೂ ಅದೇ ಯೋಚನೆ ಬಂದಿತ್ತೆಂದು ಅವನಿಗೆ ಹೇಳಬೇಕೆನಿಸಿತು. ಆಗ ಹೇಳಲಿಲ್ಲ, ಆಮೇಲೆ ಹೇಳಿದೆ.

ಜಗುಲಿಯ ಮೇಲೆ ಹಾಳೆ ಇಟ್ಟು ಬರೆದೆ. "ತಾರಣ ಸಂವತ್ಸರ, 2004. ನಲವತ್ತೊಂಬತ್ತು ಮನೆ, ಒಂದು ದಿನ ಮುಂಚೆ. ಹಳೆಯದರ ಮೇಲೆ ಹೊಸದು ಬಂದದ್ದನ್ನು ನೋಡಲಿಲ್ಲ, ಓದಬೇಕಾದ್ದನ್ನು ಓದಲಿಲ್ಲ, ಪಂಚಾಂಗದೊಡನೆ ಹೋಲಿಸಲಿಲ್ಲ. ಕಾರಣ..." ಅಲ್ಲಿಗೆ ಕೈ ನಿಂತಿತು.

"ಏನು ಕಾರಣ?" ಎಂದರು ಮಾವ.

"ನಿಮ್ಮದೇ ಮಾವ" ಎಂದೆ.

ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ಆ ನಗು ಕೇಳಿ ನನಗೆ ಇಷ್ಟು ದಿನ ತಡೆದಿದ್ದ ಅಳು ಬಂತು. ಕಣ್ಣೀರು ಹಾಳೆಗೆ ಬೀಳದಂತೆ ಮುಖ ಆಚೆ ಮಾಡಿಕೊಂಡು 'ಗರ್ವ' ಎಂದು ಬರೆದೆ. ಅಳಿಸಿಹೋದೀತೆಂದು ಅತ್ತೆ ತಮ್ಮ ಸೆರಗಿನಿಂದ ನನ್ನ ಕಣ್ಣು ಒರೆಸಿದರು. ಅದು ಮಡಿ ಸೀರೆಯ ಸೆರಗು. ನಾನು ಗಾಬರಿಯಿಂದ ಹಿಂದೆ ಸರಿದರೆ, "ಇನ್ನೊಂದು ಸಲ ಒಗೀತೀನಿ, ನೀನು ಬರಿ" ಎಂದರು.

ಮೂವರ ಹೆಸರಿನ ಕೆಳಗೆ ಹಂಸ ಎಂದು ಸಹಿ ಹಾಕಿದೆ. ಮಾವನವರು ಮಸಿ ಒಣಗಿದೆಯೇ ಎಂದು ಬೆರಳಿಂದ ಮುಟ್ಟಿ ನೋಡಿ, ಹಾಳೆಯನ್ನು ಮಡಿಸಿ ರಟ್ಟಿನೊಳಗೆ ಸೇರಿಸಿ, ಪುಸ್ತಕವನ್ನು ನನ್ನ ಮಡಿಲಲ್ಲಿಟ್ಟರು.